ಎರಡು ಕಾವಲಿ

9 ನವೆಂಬರ್ 2024, ಶನಿವಾರ

ಎಸ್‌.ಪಿ. ರೋಡಿಗೆ ಹೋಗಿ ಇನ್ನೊಂದು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು ತಂದೆ, ಸೆಕೆಂಡ್‌ಹ್ಯಾಂಡ್. ಮನೆಯಲ್ಲಿರುವುದೂ ಅದೇ, 12 ಜಿಬಿ ಮೆಮೊರಿ. 12ಕ್ಕೆ 12 ಸೇರಿ 24. ಚಿತ್ರ ಬರೆಯುವ ಫ್ಲಕ್ಸ್ ಮಾಡೆಲ್ಲಿಗೆ 1200 ಕೋಟಿ ಪ್ಯಾರಾಮೀಟರು, ಒಂದೊಂದಕ್ಕೆ ಎರಡೆರಡು ಬೈಟು. ಸರಿಯಾಗಿ ಕೂತುಕೊಳ್ಳುತ್ತೆ ಅಂತ ಬಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಬಂದೆ.

10 ನವೆಂಬರ್, ಭಾನುವಾರ

ಕೂರಲಿಲ್ಲ. ರಾತ್ರಿ ಒಂದೂವರೆವರೆಗೆ ಒದ್ದಾಡಿದೆ. ಒಂದು ಕಾರ್ಡು ತುಂಬಿ ಉಕ್ಕಿ, ಮಿಕ್ಕಿದ್ದು ರ‍್ಯಾಮಿಗೆ ಹೋಗಿ ಬಂದು ಮಾಡುತ್ತಿದೆ. ಇನ್ನೊಂದರ ಫ್ಯಾನು ತಿರುಗಿಯೂ ಇಲ್ಲ.

ಬೆಳಿಗ್ಗೆ ಗೋಳು ತೋಡಿಕೊಂಡರೆ ಅಮ್ಮ ಹಿಟ್ಟು ಹುಯ್ಯುತ್ತಲೇ ಅಂದಳು: “ಎರಡು ಕಾವಲಿ ಇಟ್ಟರೆ ಎರಡು ದೋಸೆ ಬೇಗ ಆಗುತ್ತೆ ಕಣೋ. ಒಂದೇ ದೊಡ್ಡ ದೋಸೆ ಹೇಗಾಗುತ್ತೆ?”

ಅಷ್ಟೇ ವಿಷಯ. ಎರಡು ಕಾರ್ಡಿನ ಮೆಮೊರಿ ತಾನಾಗಿ ಒಂದಾಗುವುದಿಲ್ಲ. ಸುತ್ತು ಹಂಚಿಕೊಂಡು ಬೇಗ ಮುಗಿಸೋಣ ಎಂದರೆ ಅದೂ ಇಲ್ಲ. ಚಿತ್ರ ಹುಟ್ಟುವುದು ಬರೀ ಗದ್ದಲದಿಂದ, ಅಂದರೆ ಅಡ್ಡಾದಿಡ್ಡಿ ಚುಕ್ಕೆಗಳಿಂದ. ಒಂದೊಂದು ಸುತ್ತಿಗೂ ಸ್ವಲ್ಪ ಗದ್ದಲ ಕಳೆಯುತ್ತಾ ಹೋಗುತ್ತದೆ. ಹತ್ತನೇ ಸುತ್ತಿಗೆ ಒಂಬತ್ತನೆಯದು ಮುಗಿದಿರಬೇಕು. ಹತ್ತು ನಿನಗೆ, ಹತ್ತು ನನಗೆ ಅಂತ ಎರಡು ಕಾರ್ಡು ಪಾಲು ಮಾಡಿಕೊಳ್ಳುವ ಹಾಗಿಲ್ಲ.

13, ಬುಧವಾರ

ಪಾಲು ಬೇರೆ ಥರ ಮಾಡಿದೆ. ನಾವು ಬರೆದ ವಾಕ್ಯ ಓದುವ ಟಿ5 ಎರಡನೇ ಕಾರ್ಡಿಗೆ; ಸುಮಾರು 10 ಜಿಬಿಗೆ ಕುಗ್ಗಿಸಿದ ಫ್ಲಕ್ಸ್ ಮೊದಲನೆಯದಕ್ಕೆ. ಈಗ ರ‍್ಯಾಮಿಗೆ ಓಡಾಟವಿಲ್ಲ. ಸಣ್ಣ ಸಮಾಧಾನ.

16, ಶನಿವಾರ

ಚಿತ್ರ ಮಾಡಿಸುವ ಕಂಫಿ ಯುಐ ಎರಡು ಸಲ ತೆರೆದೆ, ಪೋರ್ಟ್ 8188 ಮತ್ತು 8189, ಒಂದೊಂದಕ್ಕೆ ಒಂದೊಂದು ಕಾರ್ಡು. ಎರಡರಲ್ಲೂ ಇನ್ನೊಂದು ಮಾಡೆಲ್ಲು, ಎಸ್‌ಡಿಎಕ್ಸ್‌ಎಲ್. ಅಕ್ಕನ ಮಗಳ ಕಥೆಪುಸ್ತಕಕ್ಕೆ ಬಡಗುತಿಟ್ಟಿನ ಯಕ್ಷಗಾನ ವೇಷ ಬೇಕಿತ್ತು, ತಲೆಗೆ ಕೇದಗೆ ಮುಂದಲೆ ಕಟ್ಟಿದ್ದು. ಬಂದವೆಲ್ಲ ಕಥಕಳಿಯ ಕಿರೀಟ, ಹಸಿರು ಮುಖ. ಒಂದು ಕಾರ್ಡಿದ್ದಾಗ ಇಪ್ಪತ್ತು ತಪ್ಪು ಬರುವ ಹೊತ್ತಿಗೆ ಈಗ ನಲವತ್ತು!

ಅಷ್ಟರಲ್ಲಿ ಯುಪಿಎಸ್ ಕಿರುಚಿತು. ಕಾರ್ಡಿಗೆ 170 ವ್ಯಾಟಿನಂತೆ 340, ಮೇಲೆ ಪ್ರೊಸೆಸರು; ಪಾಪ, 600 ವಿಎ ಪೆಟ್ಟಿಗೆ ಎಷ್ಟು ಅಂತ ಹೊರುತ್ತೆ? ಎನ್‌ವಿಡಿಯಾ-ಎಸ್‌ಎಂಐ ಕಮಾಂಡು ಕೊಟ್ಟು ಎರಡನ್ನೂ 110ಕ್ಕೆ ಇಳಿಸಿದೆ. ವೇಗ ಕೊಂಚ ತಗ್ಗಿತು, ಕಿರುಚಾಟ ನಿಂತಿತು. ಕೋಣೆಯ ಸೆಕೆಯೂ ಕಡಿಮೆ.

22, ಶುಕ್ರವಾರ

ಹೋದ ವರ್ಷ ಮೇಳದ ಚೌಕಿಯಲ್ಲಿ ಕೇಳಿಕೊಂಡು ನಾನೇ ತೆಗೆದ 26 ಫೋಟೊ ಇದ್ದವು. ಅವನ್ನು ಹಾಕಿ ಒಂದು ಕಾರ್ಡಿನಲ್ಲಿ ಆ ವೇಷವನ್ನು ಮಾಡೆಲ್ಲಿಗೆ ಕಲಿಸಲು ಲೋರಾ ತರಬೇತಿಗೆ ಬಿಟ್ಟೆ. ಅದು ರಾತ್ರಿಯಿಡೀ ಕಲಿಯುತ್ತಿದ್ದರೆ ಇನ್ನೊಂದರಲ್ಲಿ ಕಾಡು, ಹೊಳೆ, ರಂಗಸ್ಥಳದ ಚಿತ್ರ ಮುಗಿಸಿದೆ. ಎರಡನೇ ಕಾರ್ಡಿನ ದುಡ್ಡು ದಕ್ಕಿದ್ದು ಇವತ್ತೇ. ಮುಂದಲೆಯ ಆಕಾರ ಮುಕ್ಕಾಲು ಪಾಲು ಬಂದಿದೆ; ಅದರ ಸುತ್ತು ಇನ್ನೂ ಗೋಜಲು, ಬೆರಳು ಆರು.

24, ಭಾನುವಾರ

ಮೀಟರು ನೋಡಿದೆ. ಈ ಸಲ ಇದುವರೆಗೆ 181 ಯೂನಿಟ್. 200 ದಾಟಿದರೆ ಗೃಹಜ್ಯೋತಿಯ ಉಚಿತ ಕರೆಂಟು ಇಲ್ಲ, ಪೂರ್ತಿ ಬಿಲ್ಲು ನನ್ನ ತಲೆಗೆ ಅಂತ ಅಮ್ಮ ಮೊದಲೇ ಹೇಳಿಬಿಟ್ಟಿದ್ದಾಳೆ. ರೀಡಿಂಗಿನವರು ಬಂದು ಹೋಗುವವರೆಗೆ ಕೆಳಗಿನ ಕಾರ್ಡು ಬಿಚ್ಚಿ ಬೀರುವಿನಲ್ಲಿಟ್ಟಿದ್ದೇನೆ.