ವೃತ್ತವೂ ನೆರಳೂ

ಪ್ಯಾಟರ್ನ್ ಜನರೇಟರಿನ ತಂತಿಯನ್ನು ತಗುಲಿಸಿದೊಡನೆ ಪರದೆಯ ಮೇಲೆ ಅಂಡಾಕಾರವಾಗಿ ಮೂಡಿದ ವೃತ್ತವು, ಪೆಟ್ಟಿಗೆಯ ಹಿಂಬದಿಯ ತಿರುಪುಗಳನ್ನು ಕೂದಲೆಳೆಯಷ್ಟು ಸರಿಸುತ್ತ ಹೋದಂತೆ ದುಂಡಗಾಗಿ ಬಂದು ನಿಲ್ಲುವಾಗಿನ ಸುಖ, ಹಳೆಯ ಟಿ.ವಿ.ಗಳ ಹುಚ್ಚಿರುವವರಿಗೆ ಗೊತ್ತು. ಮೊನ್ನೆ ತುರುವೇಕೆರೆಯ ಬಂಧುಗಳ ಮನೆಯಲ್ಲಿ, ಕೊಬ್ಬರಿ ಅಟ್ಟದಿಂದ ಕೆಳಗಿಳಿಸಿದ ಇಪ್ಪತ್ತಂಗುಲದ ಸೆಟ್ಟೊಂದರಲ್ಲಿ ಅದು ನನಗೆ ಮತ್ತೊಮ್ಮೆ ಲಭಿಸಿತು. "ಏನ್ ಭಾವ, ಬರೀ ಗೆರೆ ನೋಡ್ಕೊಂಡು ಕೂತಿದೀರಲ್ಲ, ಯಾವ್ದಾದ್ರೂ ಸಿನಿಮಾ ಹಾಕ್ಬಾರ್ದಾ?" ಎಂದನು ಭಾವಮೈದುನ. ಸಿನಿಮಾದ ನಾಯಕಿಯುಟ್ಟ ಸೀರೆಯ ನಿಜವಾದ ಬಣ್ಣವನ್ನು ಬಲ್ಲವರಾರು? ಮೂಲವು ಎಂತಿದೆಯೆಂದು ನೋಡುಗನಿಗೆ ಸಂಪೂರ್ಣವಾಗಿ ತಿಳಿದಿರುವ ಚಿತ್ರವೆಂದರೆ ಈ ಟೆಸ್ಟ್ ಪ್ಯಾಟರ್ನ್ ಒಂದೇ. ಕೊಬ್ಬರಿ ಕೊಳ್ಳುವವನು ಕಾಯನ್ನು ಕಿವಿಯ ಬಳಿ ಕುಲುಕಿ ಒಳಗಿನ ಗಿಟುಕು ಬಿಟ್ಟಿದೆಯೇ ಎಂದು ಅರಿಯುವಂತೆ, ಪೆಟ್ಟಿಗೆಯನ್ನು ಬಿಚ್ಚದೆಯೇ ಅದರ ಅಂತರಂಗವನ್ನು ಇದರಿಂದ ಅರಿಯಬಹುದು.

ಆದುದರಿಂದಲೇ, ವಾರ್ತೆ ಓದುವವರ ಕೆನ್ನೆಯನ್ನು ನೋಡಿ ಬಣ್ಣ ಹೊಂದಿಸುವ ರಿಪೇರಿಯವರೊಡನೆ ನನಗೆ ಎಂದಿಗೂ ರಾಜಿಯಿಲ್ಲ. ಬಣ್ಣದ ಪಟ್ಟೆಗಳನ್ನು ತೆರೆಗೆ ತಂದು, ಕಲರ್ ಗುಂಡಿಯನ್ನು ಪೂರ್ತಿ ಇಳಿಸಿಬಿಡಬೇಕು. ಆಗ ಬಿಳಿ, ಹಳದಿ, ಸಯಾನ್, ಹಸಿರು, ಮೆಜೆಂಟಾ, ಕೆಂಪು, ನೀಲಿ, ಕಪ್ಪು ಎಂಬ ಎಂಟು ಪಟ್ಟೆಗಳೂ ಎಡದಿಂದ ಬಲಕ್ಕೆ ಬೆಳಕಿನಿಂದ ಕತ್ತಲೆಗೆ ಇಳಿಯುವ ಬೂದು ಮೆಟ್ಟಿಲುಗಳಾಗುತ್ತವೆ. ಏಕೆಂದರೆ ಪ್ರಕಾಶದಲ್ಲಿ ಹಸಿರಿನ ಪಾಲು ಶೇ. 59, ಕೆಂಪಿನದು 30, ನೀಲಿಯದು ಬರಿಯ 11. ಕೊನೆಯ ಪಟ್ಟೆ ಅಚ್ಚಗಪ್ಪಾಗಿದ್ದೂ ಅದರ ಪಕ್ಕದ ನೀಲಿ ಅದರಲ್ಲಿ ಲೀನವಾಗದಂತೆ ಬ್ರೈಟ್‌ನೆಸ್ಸನ್ನು ನಿಲ್ಲಿಸಬೇಕು. ಆಮೇಲೆ, ನಾಟಕದ ದೀಪಗಳಿಗೆ ಕಟ್ಟುವಂಥ ಗಾಢ ನೀಲಿಯ ಜಿಲೆಟಿನ್ ಕಾಗದವನ್ನು ಕಣ್ಣಿಗೆ ಹಿಡಿದು, ಸಯಾನ್, ಮೆಜೆಂಟಾ, ನೀಲಿ ಈ ಮೂರೂ ಸಮನಾಗಿ ಬೆಳಗುವವರೆಗೆ ಬಣ್ಣವನ್ನು ಏರಿಸಬೇಕು. ನೀಲಿಯೇ ಮುಂದಾದರೆ ಬಣ್ಣ ಹೆಚ್ಚಾಯಿತೆಂದು ಅರ್ಥ. ಕಾಸಿನ ಖರ್ಚಿಲ್ಲದ ಈ ಕ್ರಮವನ್ನು ಬಿಟ್ಟು, ಎಲ್ಲರ ಮುಖಕ್ಕೂ ಅರಿಶಿನ ಕುಂಕುಮ ಬಳಿದಂತೆ ಮಾಡಿ ಹಣವೆಣಿಸಿಕೊಂಡು ಹೋಗುವುದು ಕಸುಬಿಗೆ ಮಾಡುವ ದ್ರೋಹವೆಂದೇ ನಾನು ತಿಳಿದಿದ್ದೇನೆ. 1967ರಲ್ಲಿ ಬಿ.ಬಿ.ಸಿ.ಯವರು ತಮ್ಮ ಪರೀಕ್ಷಾಚಿತ್ರದಲ್ಲಿ ಕ್ಯಾರೊಲ್ ಹರ್ಸಿ ಎಂಬ ಬಾಲಿಕೆಯ ಮುಖವನ್ನಿಟ್ಟರು, ನಿಜ. ಆದರೆ ಅವಳನ್ನು ಸುತ್ತುವರಿದು ಗೆರೆಗಳೂ ಬೂದುಮೆಟ್ಟಿಲುಗಳೂ ಇದ್ದವು. ಅವಳೆದುರಿನ ಕರಿಹಲಗೆಯ ಮೇಲಿನ ಗುಣಾಕಾರದ ಗುರುತು ತೆರೆಯ ನಟ್ಟನಡುವನ್ನು ತೋರಿಸುತ್ತಿತ್ತು. ಡೆನ್ಮಾರ್ಕಿನ ಫಿಲಿಪ್ಸ್ ಪ್ರಯೋಗಶಾಲೆಯ ಫಿನ್ ಹೆಂಡಿಲ್ ಅದೇ ದಶಕದಲ್ಲಿ ರೂಪಿಸಿದ ದೊಡ್ಡ ವೃತ್ತದ ಚಿತ್ರದಲ್ಲಂತೂ ಮುಖವೇ ಇಲ್ಲ. ನನಗೆ ಅದೇ ಮೆಚ್ಚು.

ಈ ತೆಂಗಿನ ಸೀಮೆಯಲ್ಲಿ ಪ್ಯಾಟರ್ನಿನ ಉಪಯೋಗ ಬೇರೊಂದಿತ್ತು. ಉಪಗ್ರಹದ ಮೂಲಕ ಶಿಕ್ಷಣ ನೀಡುವ ಪ್ರಯೋಗ 1975ರಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರಗಳ ಹಳ್ಳಿಗಳನ್ನು ಮುಟ್ಟಿತಾದರೂ ನಮ್ಮನ್ನು ಮುಟ್ಟಲಿಲ್ಲ. ಬೆಂಗಳೂರು ದೂರದರ್ಶನ 1981ರಲ್ಲಿ ಆರಂಭವಾದಾಗ ತಿಪಟೂರಿಗೂ ಅದಕ್ಕೂ ನಡುವೆ 100 ಕಿಲೋಮೀಟರಿಗೂ ಮಿಕ್ಕ ದೂರ. ಕಾರ್ಯಕ್ರಮಕ್ಕೆ ಮುಂಚೆ 'ಕೂಂ' ಎಂಬ ನಾದದೊಡನೆ ಪಟ್ಟೆಗಳು ಬರುತ್ತಿದ್ದ ಹೊತ್ತೇ ಏರಿಯಲ್ ತಿರುಗಿಸುವ ಹೊತ್ತು. ಮಾಳಿಗೆಯ ಮೇಲಿಂದ "ಬಂತೇನ್ರೋ?" ಎಂಬ ಕೂಗು, ಒಳಗಿನಿಂದ "ಇನ್ನೊಂಚೂರು ಎಡಕ್ಕಣ್ಣಾ, ನೆರಳೈತೆ!" ಎಂಬ ಮಾರುತ್ತರ.

ಆ ನೆರಳಿನಷ್ಟು ನನ್ನನ್ನು ಸೆಳೆದ ವಸ್ತು ಮತ್ತೊಂದಿಲ್ಲ. ಚಿಕ್ಕನಾಯಕನಹಳ್ಳಿಯ ಕಡೆ, ಗುಡ್ಡಕ್ಕೆ ತಗುಲಿ ತಡವಾಗಿ ಹಿಂದಿರುಗಿದ ಅಲೆಯು ಮೂಲಚಿತ್ರದ ಬಲಮಗ್ಗುಲಲ್ಲಿ ತೆಳುವಾದ ಇನ್ನೊಂದು ಚಿತ್ರವನ್ನು ಬರೆಯುತ್ತಿತ್ತು. ನಮ್ಮ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು, ಪ್ರತಿಯೊಂದಕ್ಕೂ 625 ಗೆರೆಗಳು. ಒಂದು ಗೆರೆಗೆ 64 ಮೈಕ್ರೊಸೆಕೆಂಡು, ಅದರಲ್ಲಿ ಕಣ್ಣಿಗೆ ಕಾಣುವುದು 52. ತೆರೆಯ ಅಗಲ 40 ಸೆಂಟಿಮೀಟರಾದರೆ, ನೆರಳು ಒಂದು ಸೆಂಟಿಮೀಟರು ಸರಿದಿದೆಯೆಂದರೆ ಅಲೆಯು 1.3 ಮೈಕ್ರೊಸೆಕೆಂಡು, ಎಂದರೆ ಸುಮಾರು 390 ಮೀಟರು, ಬಳಸಿ ಬಂದಿದೆ. ಗುಡ್ಡವು ಏರಿಯಲಿನ ನೇರ ಹಿಂದೆ ಇದ್ದರೆ ಅದರ ದೂರ ಇದರ ಅರ್ಧ. ಪಟ್ಟೆಯ ಚೂಪಾದ ಅಂಚಿಗೆ ಶಾಲೆಯ ಅಡಿಪಟ್ಟಿಯನ್ನು ಹಿಡಿದು, ಮನೆಯೊಳಗೆ ಕುಳಿತೇ ಗುಡ್ಡವನ್ನು ಅಳೆಯುವುದೆಂದರೆ!

ಇಂಥ ನೆರಳಿಗೆ ಮದ್ದೆಂದು ಬೂಸ್ಟರ್ ಮಾರಿದವರ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ. ಬೂಸ್ಟರು ನಿಜವಾದ ಚಿತ್ರವನ್ನೂ ನೆರಳನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆಂಬುದನ್ನು ಅರಿಯದವರು ಅಂಗಡಿಯಿಟ್ಟಿದ್ದೇಕೆ? ರೈತನ ದುಡ್ಡು ಹೋಯಿತು, ನೆರಳು ಉಳಿಯಿತು. ಏರಿಯಲಿನ ಮುಖವನ್ನು ಬೆಂಗಳೂರಿನಿಂದ ತುಸು ಓರೆಯಾಗಿಸಿ, ಗುಡ್ಡದ ಅಲೆಯನ್ನು ಅದು ತೀರ ಕಡಮೆ ಹಿಡಿಯುವ ಕೋನವನ್ನು ಹುಡುಕಬೇಕಿತ್ತು; ಚಿತ್ರ ಕೊಂಚ ಮಂಕಾಗಿ ಚುಕ್ಕೆಗಳು ಹೆಚ್ಚಿದರೂ ಪಟ್ಟೆಯ ಅಂಚು ಒಂಟಿಯಾಗಬೇಕಿತ್ತು. ಏರಿಯಲಿನ ಕೊಳವೆಯನ್ನು ನೆಡುವಾಗಲೂ, ಅಲೆ ಬರುವ ದಿಕ್ಕಿನಲ್ಲಿ ಗರಿಗಳು ಅಡ್ಡ ಬಾರದಂತೆ, ತೆಂಗಿನ ಎರಡು ಸಾಲುಗಳ ನಡುವಣ ಓಣಿಗೆ ನೇರವಾಗಿ ನೆಟ್ಟರೆ, ಮಳೆಯಲ್ಲಿ ನೆನೆದ ಸೋಗೆ ಗಾಳಿಗೆ ತೂಗಿದಾಗಲೂ ಪಟ್ಟೆಗಳು ಅಷ್ಟಾಗಿ ಅಲುಗುತ್ತಿರಲಿಲ್ಲ.