ಅಪ್ಪಯ್ಯನಿಗೊಂದು ದೋಣಿ

ಅಲಾಸ್ಕಾ ಅಂದ್ಕೂಡ್ಲೇ ಎಲ್ಲರೂ ಹಿಮನದಿ, ಕರಡಿ, ಕ್ರೂಸ್ ಹಡಗು ಅಂತಾರೆ. ಸಿಯಾಟಲ್‌ನಲ್ಲಿರುವ ನಮ್ಮಂಥವರಿಗೆ ಅದು ವಿಮಾನದಲ್ಲಿ ಮೂರೂವರೆ ಗಂಟೆಯ ದಾರಿ. ಊರಿಂದ ಅಪ್ಪ ಅಮ್ಮ ಬಂದಾಗ ಕರ್ಕೊಂಡು ಹೋಗುವ ಜಾಗಗಳ ಪಟ್ಟಿಯಲ್ಲಿ ಅದಕ್ಕೂ ಒಂದು ಸ್ಥಾನ ಇದೆ. ಹೋದವರಲ್ಲಿ ಎಷ್ಟೋ ಜನ ಒಂದು ದಿನವನ್ನು ಹ್ಯಾಲಿಬಟ್ ಹಿಡಿಯುವುದಕ್ಕೆ ಎತ್ತಿಡ್ತಾರೆ. ಕ್ಯಾಪ್ಟನ್, ಸಹಾಯಕ್ಕೊಬ್ಬ ಹುಡುಗ, ರಾಡು, ಗಾಳ, ಎರೆ ಎಲ್ಲ ಸೇರಿಸಿ ದೋಣಿ ಬಾಡಿಗೆಗೆ ಸಿಗುತ್ತೆ. ಚಾರ್ಟರ್ ಅಂತಾರೆ. ನಾವು ಬರೀ ಜಾಕೆಟ್ ಹಾಕ್ಕೊಂಡು ಹೋಗಿ ನಿಂತರಾಯ್ತು.

ಆದರೆ ಯಾವ ದೋಣಿ? ಹುಡುಕೋಕೆ ಕೂತರೆ ಪರದೆ ತುಂಬ ಒಂದೇ ಫೋಟೊ: ಮನುಷ್ಯನಿಗಿಂತ ಉದ್ದದ ಚಪ್ಪಟೆ ಮೀನು, ಪಕ್ಕದಲ್ಲಿ ಹಲ್ಲು ಕಿರಿದು ನಿಂತ ಗಿರಾಕಿ. ಮಂಡ್ಯದ ನನ್ನ ಗಂಡನಿಗೆ ಆ ಫೋಟೊ ಸಾಕಾಯ್ತು. "ಫುಲ್ ಡೇ ಬುಕ್ ಮಾಡು, ಹಿಡಿದರೆ ಇಂಥದ್ದೇ ಹಿಡಿಯೋಣ" ಅಂದರು. ನನಗೆ ಯೋಚನೆ ಇದ್ದದ್ದು ಅಪ್ಪಯ್ಯನದು.

ಅಪ್ಪಯ್ಯನಿಗೆ 70. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ದಿನಾ ನಡೀತಿದೆ. ಹುಟ್ಟಿದ್ದು ಗಂಗೊಳ್ಳಿ ಕಡೆಯ ಮೀನುಗಾರರ ಮನೆಯಲ್ಲಿ. ನನ್ನ ಅಜ್ಜ ದೊಡ್ಡ ಮಗನನ್ನು ದೋಣಿಗೆ ಹಾಕಿದರು, ಎರಡನೆಯವನ ಕೈಗೆ ಸ್ಲೇಟು ಕೊಟ್ಟರು. ಹನ್ನೊಂದನೇ ವಯಸ್ಸಲ್ಲಿ ಅಪ್ಪಯ್ಯ ದೋಣಿ ಇಳಿದದ್ದೇ ಕೊನೆ. ಆಮೇಲೆ ಓದು, ಅಂಚೆ ಇಲಾಖೆ, 36 ವರ್ಷ ಸರ್ವಿಸು, ಅದರಲ್ಲಿ ಅರ್ಧಕ್ಕರ್ಧ ಘಟ್ಟದ ಮೇಲೆ. ದೊಡ್ಡಪ್ಪ ಕಡಲಲ್ಲಿ ತಾಂಡೇಲ ಆದರು, ಇವರು ಕೌಂಟರಿನ ಹಿಂದೆ ಮನಿಯಾರ್ಡರ್ ಬರೆದರು. ಕಡಲಿಗೆ ಹೋಗೋಣ ಅಂತ ಇವರಾಗಿ ಯಾವತ್ತೂ ಕೇಳಿದವರಲ್ಲ. ಅಲಾಸ್ಕಾ ಮಾತು ಬಂದಾಗ ಮಾತ್ರ, ಕರಡಿ ಗಿರಡಿ ಬೇಡ, "ಗಾಳ ಹಾಕುಕೆ ಆತ್ತಾ ಅಲ್ಲಿ?" ಅಂದರು. ಡಾಕ್ಟರು ಹೋಗಿ ಬನ್ನಿ ಅಂದರು, ಭಾರ ಎಳೆಯುವ ಕೆಲಸ ಮಾತ್ರ ಬೇಡ ಅಂತ ಸೇರಿಸಿದರು.

ಹ್ಯಾಲಿಬಟ್ ಹಿಡಿಯೋದು ಅಂದರೆ ಭಾರ ಎಳೆಯೋದೇ. ಅದು ತಳದಲ್ಲಿ ಅಂಗಾತ ಮಲಗಿರುವ ಮೀನು. ಎರೆ ತಳ ಮುಟ್ಟಬೇಕು, ಮುಟ್ಟಿದ್ದು ಅಲ್ಲೇ ನಿಲ್ಲಬೇಕು. ಅದಕ್ಕೆ ದಾರದ ತುದಿಗೆ ಅರ್ಧ ಕೆಜಿಯಿಂದ ಒಂದೂವರೆ ಕೆಜಿವರೆಗೆ ಸೀಸದ ಗುಂಡು ಕಟ್ಟುತ್ತಾರೆ. ಇನ್ನೂರು, ಮುನ್ನೂರು ಅಡಿ ಆಳದಿಂದ ಬರೀ ಆ ಗುಂಡನ್ನು ಮೇಲೆ ತರುವಷ್ಟರಲ್ಲೇ ತೋಳು ಸೋಲುತ್ತೆ. ಮೀನೂ ಇದ್ದರೆ ಕೇಳೋದೇ ಬೇಡ. ಹಾಗಾಗಿ ದೋಣಿ ಆರಿಸೋದು ಅಂದರೆ ನಿಜವಾಗಿ ಆರಿಸಬೇಕಾದ್ದು ಆಳ, ಸೆಳೆತ ಮತ್ತು ಹೊತ್ತು. ಇದು ನನಗೆ ನಾಲ್ಕಾರು ಕಡೆ ಫೋನ್ ಮಾಡಿದ ಮೇಲೆ ಅರ್ಥವಾಯ್ತು.

ಮೊದಲು ಊರು. ಆಂಕರೇಜ್‌ನಲ್ಲಿ ಇಳಿದವರಿಗೆ ಎರಡು ದಾರಿ. ಸೀವರ್ಡ್ ಹತ್ತಿರ, ಸುಮಾರು 200 ಕಿಲೊಮೀಟರ್, ಎರಡೂವರೆ ಗಂಟೆ. ದಾರಿಯೂ ಚೆಂದ. ಆದರೆ ಅಲ್ಲಿ ಹ್ಯಾಲಿಬಟ್ ಸಿಗುವ ಜಾಗಕ್ಕೆ ರೆಸರೆಕ್ಷನ್ ಕೊಲ್ಲಿ ದಾಟಿ ತೆರೆದ ಕಡಲಿಗೆ ಹೋಗಬೇಕು, ಎಷ್ಟೋ ದೋಣಿಗಳಿಗೆ ಹೋಗುವುದೇ ಎರಡು ಮೂರು ಗಂಟೆ. ಹೋಮರ್ ದೂರ, ಸುಮಾರು 350 ಕಿಲೊಮೀಟರ್, ಐದು ಗಂಟೆಯ ಡ್ರೈವ್. ಆದರೆ ಅದು ಕಚೆಮಾಕ್ ಕೊಲ್ಲಿಯ ಬಾಯಲ್ಲೇ ಕೂತಿದೆ. ಏಳು ಕಿಲೊಮೀಟರ್ ಉದ್ದದ ಮರಳು ಗೀಟು ಸಮುದ್ರದೊಳಕ್ಕೆ ಚಾಚಿಕೊಂಡಿದೆ, ಅದರ ತುದಿಯ ಹತ್ತಿರ ಬಂದರು. ಅಲ್ಲಿಂದ ಹೊರಟರೆ ಅರ್ಧ ದಿನದ ಟ್ರಿಪ್ಪೂ ಸಿಗುತ್ತೆ. ರಸ್ತೆಯಲ್ಲಿ ಎರಡೂವರೆ ಗಂಟೆ ಜಾಸ್ತಿ ಕೂರೋದು, ನೀರಿನ ಮೇಲೆ ಕುಲುಕಾಡೋದಕ್ಕಿಂತ ವಾಸಿ ಅಂತ ಹೋಮರ್ ಅಂದೆ. ಕಾರನ್ನು ಬೇಕಾದಲ್ಲಿ ನಿಲ್ಲಿಸಬಹುದು, ದೋಣಿಯನ್ನು ಆಗಲ್ಲ.

ಆಮೇಲೆ ಅರ್ಧ ದಿನವೋ ಇಡೀ ದಿನವೋ. ನಮ್ಮ ಮನೆಯಲ್ಲಿ ಜಗಳ ನಡೆದದ್ದು ಇದಕ್ಕೇ. ಇಡೀ ದಿನದ್ದು ಎಂಟು ಹತ್ತು ಗಂಟೆ. ಕುಕ್ ಇನ್ಲೆಟ್ ಕಡೆಗೋ ಇನ್ನೂ ಹೊರಗೋ ಹೋಗ್ತಾರೆ, ದೊಡ್ಡ ಮೀನಿನ ಸಂಭವ ಅಲ್ಲಿ ಜಾಸ್ತಿ. ನಾವು ವಿಚಾರಿಸಿದಾಗ ತಲೆಗೆ 400 ಡಾಲರ್ ಆಸುಪಾಸು. ಅರ್ಧ ದಿನದ್ದು ಅದಕ್ಕಿಂತ ಸಾಕಷ್ಟು ಕಡಿಮೆ, ಕೊಲ್ಲಿಯ ಒಳಗೆ ಅಥವಾ ಅದರ ಬಾಯಿಯ ಹತ್ತಿರ. ಸಿಗೋದು ಸಣ್ಣ ಮೀನು. ಅಲ್ಲಿಯವರು ಅದನ್ನು 'ಚಿಕನ್' ಅಂತಾರೆ, ಬಾಗಿಲಿನಷ್ಟು ದೊಡ್ಡದಕ್ಕೆ 'ಬಾರ್ನ್ ಡೋರ್'. ತಿನ್ನೋಕೆ ಚಿಕನ್ನೇ ಮೇಲು ಅಂತ ಎಲ್ಲರೂ ಒಪ್ಪುತ್ತಾರೆ, ಫೋಟೊಗೆ ಮಾತ್ರ ಯಾರೂ ಒಪ್ಪಲ್ಲ! ದೊಡ್ಡವು ಹೆಚ್ಚುಕಮ್ಮಿ ಎಲ್ಲವೂ ಹೆಣ್ಣು, ಮೊಟ್ಟೆ ಇಡುವಂಥವು ಅಂತ ತಿಳಿದ ಮೇಲೆ ನನಗಂತೂ ಆ ಫೋಟೊ ಅಷ್ಟು ರುಚಿಸಲಿಲ್ಲ.

ನಿಯಮಗಳೂ ಇದಕ್ಕೆ ಸರಿಯಾಗಿವೆ. ಪೆಸಿಫಿಕ್ ಹ್ಯಾಲಿಬಟ್ ಎಷ್ಟು ಹಿಡಿಯಬಹುದು ಅಂತ ನೋಡಿಕೊಳ್ಳೋಕೆ ಅಮೆರಿಕ, ಕೆನಡಾ ಸೇರಿ 1923ರಲ್ಲೇ ಒಂದು ಆಯೋಗ ಮಾಡಿಕೊಂಡಿವೆ. ಪ್ರತಿ ವರ್ಷ ಲೆಕ್ಕ ಹಾಕಿ ನಿಯಮ ಬದಲಾಗುತ್ತೆ. ನಾವು ಹೋದ ವರ್ಷ ಆ ಭಾಗದಲ್ಲಿ ಚಾರ್ಟರ್ ದೋಣಿಯಲ್ಲಿ ಹೋದವರಿಗೆ ದಿನಕ್ಕೆ ತಲಾ ಎರಡು ಮೀನು. ಒಂದು ಎಷ್ಟಾದರೂ ದೊಡ್ಡದಿರಲಿ, ಇನ್ನೊಂದು 28 ಇಂಚು ಮೀರುವಂತಿಲ್ಲ. ಅಂದರೆ ಸುಮಾರು ನಾಲ್ಕು ಕೆಜಿಯದ್ದು. ಬುಧವಾರ ಚಾರ್ಟರ್‌ಗಳು ಹ್ಯಾಲಿಬಟ್ ಇಟ್ಟುಕೊಳ್ಳುವಂತೆಯೇ ಇಲ್ಲ. ರಜೆ ಹಾಕುವ ಮೊದಲೇ ಆ ವರ್ಷದ ನಿಯಮ ನೋಡಿಕೊಳ್ಳಿ, ವಿಮಾನದ ಟಿಕೆಟ್ ಆದ ಮೇಲಲ್ಲ. ಹದಿನಾರು ದಾಟಿದವರಿಗೆಲ್ಲ ಲೈಸೆನ್ಸೂ ಬೇಕು, ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ.

"ಮಾವನೋರು ಹೋದಷ್ಟು ದೂರ ಹೋಗ್ಲಿ ಬಿಡು, ಇನ್ನೊಂದ್ಸಲ ಬರ್ತಾರೋ ಇಲ್ವೋ" ಅನ್ನೋದು ನನ್ನವರ ವಾದ. ಇನ್ನೊಂದ್ಸಲ ಬರ್ತಾರೋ ಇಲ್ವೋ ಅನ್ನೋ ಕಾರಣಕ್ಕೇ ಅರ್ಧ ದಿನ ಸಾಕು ಅನ್ನೋದು ನನ್ನದು. ಹತ್ತು ಗಂಟೆ ನೀರಿನ ಮೇಲೆ ಅಂದರೆ ನಡುವೆ ಎದೆ ಹಿಡ್ಕೊಂಡರೂ ವಾಪಸ್ ಬರೋಕೆ ಎರಡು ಗಂಟೆ. ಇದನ್ನು ಅಪ್ಪಯ್ಯನ ಎದುರು ಹೇಳೋಕಾಗಲ್ಲ. ಅಡುಗೆಮನೆಯಲ್ಲಿ ಪಿಸುಗುಟ್ಟಿಕೊಂಡು ಜಗಳ ಆಡಿದೆವು. ಅವರಿಗೆ ಕೇಳಿಸದೆ ಇದ್ದೀತಾ?

ಮಾರನೇ ದಿನ ನಾನು ಫೋನ್ ಹಿಡಿದು ಕೂತಾಗ ಬಂದು ಪಕ್ಕದಲ್ಲಿ ಕೂತರು. ಬೆಲೆ ಎಷ್ಟು, ಮೀನು ಗ್ಯಾರಂಟಿಯಾ ಅಂತ ನಾನು ಶುರು ಮಾಡಿದರೆ ಕೈ ಸನ್ನೆ ಮಾಡಿ ನಿಲ್ಲಿಸಿದರು. "ಗಾಳಿ ಎದ್ರೆ ಎಂತ ಮಾಡ್ತ್ರ್, ಅದ್ ಕೇಣ್ ಮೊದ್ಲ್ ಹೆಣೆ."

ಆ ಒಂದು ಪ್ರಶ್ನೆ ಕೇಳಿದ್ದೇ ಪಟ್ಟಿ ಅರ್ಧ ಆಯ್ತು. ಒಬ್ಬ, ನಾವು ಯಾವತ್ತೂ ಟ್ರಿಪ್ ಕ್ಯಾನ್ಸಲ್ ಮಾಡಿದವರೇ ಅಲ್ಲ ಅಂತ ಹೆಮ್ಮೆಯಿಂದ ಹೇಳಿದ. ಅನುವಾದಿಸಿ ಹೇಳಿದೆ, ಅಪ್ಪಯ್ಯ ತಲೆ ಅಲ್ಲಾಡಿಸಿದರು. ಇನ್ನೊಬ್ಬರ ಬಳಿ ರದ್ದಾದರೂ ಹಣ ವಾಪಸ್ ಇಲ್ಲ. ಮೂರನೆಯದು ಒಬ್ಬ ಹೆಂಗಸು, ಕ್ಯಾಪ್ಟನ್ ಅವರೇ. ಬೆಳಗ್ಗೆ ಎದ್ದು ಹವಾಮಾನ ಸೇವೆಯವರು ಸಮುದ್ರಕ್ಕೆಂದೇ ಕೊಡುವ ಮುನ್ಸೂಚನೆ ನೋಡ್ತೇನೆ, ಅಲೆ ಐದಾರು ಅಡಿ ಅಂತಿದ್ದರೆ ಹಗ್ಗ ಬಿಚ್ಚೋದೇ ಇಲ್ಲ, ಬೇರೆ ದಿನ ಕೊಡ್ತೇನೆ ಇಲ್ಲಾ ಹಣ ಕೊಡ್ತೇನೆ ಅಂದರು. ಕೋಸ್ಟ್ ಗಾರ್ಡ್ ಲೈಸೆನ್ಸಿನ ಪ್ರಕಾರ ಆರು ಜನ ಗಿರಾಕಿಗಳ ದೋಣಿ. ಕೂರೋಕೆ ಬಿಸಿ ಇರುವ ಕ್ಯಾಬಿನ್, ಬಾಗಿಲಿರುವ ಶೌಚಾಲಯ. ಈ ಕೊನೆಯದನ್ನು ಸಂಕೋಚ ಬಿಟ್ಟು ಕೇಳಿ, ಬಿಪಿ ಮಾತ್ರೆ ನುಂಗಿದವರಿಗೆ ಅದಿಲ್ಲದ ದೋಣಿ ಶಿಕ್ಷೆ. ಸ್ಟೆಂಟ್ ವಿಷಯ ನಾನೇ ಹೇಳಿದೆ. ರಾಡನ್ನು ಅಂಚಿನ ಹೋಲ್ಡರಿನಲ್ಲಿ ಕೂರಿಸಿ ರೀಲ್ ಮಾತ್ರ ಸುತ್ತಬಹುದಾ? ಖಂಡಿತ. ಗಾಳಕ್ಕೆ ಎರೆ ಸಿಕ್ಕಿಸೋದು, ಮೀನು ಬಿಡಿಸೋದು? ಹುಡುಗ ಮಾಡ್ತಾನೆ, ಅವರ ಕೈಗೆ ಗೀರೂ ಆಗಲ್ಲ. ನೂರೈವತ್ತು ಅಡಿ ನೀರಿನ ಒಂದು ಜಾಗ ಇದೆ, ಅಲ್ಲಿಗೇ ಹೋಗೋಣ. ಆದರೆ ಸೆಳೆತ ಕಡಿಮೆ ಇರುವ ದಿನ ಬರಬೇಕು ಅಂದರು.

ಸೆಳೆತ ಅಂದರೆ ಅಲ್ಲಿ ತಮಾಷೆಯಲ್ಲ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತದ ನಡುವೆ ನೀರು ಏರಿಳಿಯೋದು ಹೆಚ್ಚೆಂದರೆ ಎರಡು ಮೀಟರ್ ಆಸುಪಾಸು. ಹೋಮರ್‌ನಲ್ಲಿ ದೊಡ್ಡ ಉಬ್ಬರದ ದಿನ 20 ಅಡಿ ಮೀರುತ್ತೆ. ಅಷ್ಟು ನೀರು ಆರು ಗಂಟೆಯಲ್ಲಿ ಒಳಗೆ ಬಂದು ಹೊರಗೆ ಹೋಗಬೇಕಲ್ಲ, ಹೊಳೆಯ ಹಾಗೆ ಓಡುತ್ತೆ. ಗುಂಡು ತಳದಲ್ಲಿ ನಿಲ್ಲಲ್ಲ, ಇನ್ನೂ ಭಾರದ್ದು ಕಟ್ಟಬೇಕು. ಕ್ಯಾಪ್ಟನ್ ತಮ್ಮ ಟೈಡ್ ಟೇಬಲ್ ನೋಡಿ ದಿನ ಹೇಳ್ತೇನೆ ಅನ್ನುವಷ್ಟರಲ್ಲಿ ಅಪ್ಪಯ್ಯ ಬ್ಯಾಗಿನಿಂದ ಪಂಚಾಂಗ ತೆಗೆದಿದ್ದರು. ಊರಿಂದ ತಂದದ್ದು, ಏಕಾದಶಿ ನೋಡೋಕೆ ಅಂದ್ಕೊಂಡಿದ್ದೆ. "ಅಮಾಸಿ ಹುಣ್ಣಿಮಿ ಬ್ಯಾಡ. ಅಷ್ಟಮಿ, ನವಮಿಗೆ ನೀರ್ ಸತ್ತಿರತ್ತ್" ಅಂತ ಎರಡು ದಿನದ ಮೇಲೆ ಬೆರಳಿಟ್ಟರು. ಭಾನುವಾರ, ಸೋಮವಾರ. ಆ ಕಡೆಯಿಂದ ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಹೇಳಿದ್ದೂ ಅದೇ ಎರಡು ದಿನ. ಇವರಿಗೆ ಹೇಗೆ ಗೊತ್ತು ಅಂದರು. ಅಂಚೆ ಇಲಾಖೆ ಅಂತ ಹೇಳೋಕಾಗುತ್ತಾ?

ಭಾನುವಾರಕ್ಕೆ ಬುಕ್ ಮಾಡಿ ಸೋಮವಾರ ಖಾಲಿ ಇಟ್ಟುಕೊಂಡೆವು. ಹವಾಮಾನದ ಊರಿಗೆ ಹೋಗುವಾಗ ಹೀಗೊಂದು ದಿನ ಉಳಿಸಿಕೊಳ್ಳಲೇಬೇಕು. ಭಾನುವಾರ ಬೆಳಗ್ಗೆ ಐದಕ್ಕೆ ಮೆಸೇಜ್: ಗಾಳಿ ಇದೆ, ಇವತ್ತಿಲ್ಲ. ಗಂಡನ ಮುಖ ಬಾಡಿತು. ಅಪ್ಪಯ್ಯ ಮಾತ್ರ ಖುಷಿಯಲ್ಲಿದ್ದರು, "ಒಳ್ಳೆ ತಾಂಡೇಲಿ" ಅಂತ ಸರ್ಟಿಫಿಕೇಟ್ ಕೊಟ್ಟು, ಬಂದರಿಗೆ ಹೋಗಿ ಕಟ್ಟಿಹಾಕಿದ ದೋಣಿಗಳನ್ನು ಒಂದೊಂದಾಗಿ ನೋಡ್ತಾ ಮಧ್ಯಾಹ್ನದವರೆಗೆ ಕಳೆದರು. ಊರಲ್ಲಿ ಆಗ ಮಳೆಗಾಲದ ನಿಷೇಧ, ಜೂನ್ ಜುಲೈ ಎರಡು ತಿಂಗಳು ಯಾಂತ್ರೀಕೃತ ಬೋಟುಗಳೆಲ್ಲ ದಡದಲ್ಲಿ. ಹಾಗಾಗಿ ನಿಂತ ದೋಣಿ ಅವರಿಗೆ ಹೊಸದಲ್ಲ.

ಸೋಮವಾರ ನೀರು ತಟ್ಟೆಯ ಹಾಗಿತ್ತು. ಹಿಂದಿನ ರಾತ್ರಿಯೇ, ಡಾಕ್ಟರು ಒಪ್ಪಿದ ವಾಂತಿ ಮಾತ್ರೆ ಎಲ್ಲರಿಗೂ ಕೊಟ್ಟಿದ್ದೆ. ಆದರೂ ಲಂಗರು ಹಾಕಿ ನಿಂತ ಅರ್ಧ ಗಂಟೆಗೆ ನಮ್ಮ ಮಂಡ್ಯದ ಯಜಮಾನರು ಅಂಚಿಗೆ ಬಗ್ಗಿದರು. ಫುಲ್ ಡೇ ಬಗ್ಗೆ ಆಮೇಲೆ ಮಾತೇ ಇಲ್ಲ.

ಅಲ್ಲಿ ಬಳಸುವುದು ವೃತ್ತಾಕಾರಕ್ಕೆ ಬಾಗಿದ ಸರ್ಕಲ್ ಗಾಳ. ಮೀನು ಕಚ್ಚಿದಾಗ ರಾಡು ಜಗ್ಗಬಾರದು, ಜಗ್ಗಿದರೆ ಬಾಯಿಂದ ಜಾರುತ್ತೆ. ಸುಮ್ಮನಿದ್ದು ನಿಧಾನ ಸುತ್ತಿದರೆ ತುಟಿಯ ಮೂಲೆಗೆ ತಾನೇ ಸಿಕ್ಕಿಕೊಳ್ಳುತ್ತೆ. ಹುಡುಗ ಎಲ್ಲರಿಗೂ ಮೂರು ಮೂರು ಸಲ ಹೇಳಿದ. ನಾನು ಕನ್ನಡದಲ್ಲಿ ಹೇಳೋಕೆ ಹೋದರೆ ಅಪ್ಪಯ್ಯ ಹ್ಞೂಂ ಅಂದರು ಅಷ್ಟೆ. ಎಡಗೈಯ ಎರಡು ಬೆರಳು ದಾರದ ಮೇಲಿತ್ತು, ಕಣ್ಣು ಎಲ್ಲೋ. ಇಪ್ಪತ್ತು ನಿಮಿಷ ಹಾಗೇ ಇದ್ದರು. ಆಮೇಲೆ ಒಂದೇ ಸಮನೆ, ಅವಸರವಿಲ್ಲದೆ ರೀಲ್ ಸುತ್ತೋಕೆ ಶುರು ಮಾಡಿದರು. ಮೂರು ಸಲ ನಿಲ್ಲಿಸಿ ಉಸಿರು ತಗೊಂಡರು. ಹುಡುಗ ಸಹಾಯಕ್ಕೆ ಕೈ ಚಾಚಿದ, ಇವರು ತಲೆ ಅಲ್ಲಾಡಿಸಿದರು. ಕ್ಯಾಪ್ಟನ್ ನನ್ನ ಮುಖ ನೋಡಿದರು. ನಾನು ಎದೆಬಡಿತ ಎಣಿಸ್ತಿದ್ದೆ, ನಂದು.

ಬಂದದ್ದು 30 ಇಂಚಿನ ಮೀನು. ದೊಡ್ಡದೇನಲ್ಲ, ಪಕ್ಕದವರು ಚಪ್ಪಾಳೆ ತಟ್ಟಿದ್ದೂ ಮರ್ಯಾದೆಗೆ. ಅಪ್ಪಯ್ಯ ಬಗ್ಗಿ ಬಹಳ ಹೊತ್ತು ನೋಡಿದರು. "ನಮ್ಮ ನಂಗಿಗೆ ಕಣ್ಣ್ ಎಡಬದಿಗೆ. ಇದಕ್ಕೆ ಬಲಬದಿಗೆ." ಹೌದು. ಹ್ಯಾಲಿಬಟ್ ಮರಿಯಾಗಿದ್ದಾಗ ಎರಡು ಕಡೆಗೂ ಒಂದೊಂದು ಕಣ್ಣಿದ್ದು, ಬೆಳೆದ ಹಾಗೆ ಎಡಗಣ್ಣು ಬಲಕ್ಕೆ ಸರಿಯುತ್ತೆ. ನಮ್ಮಲ್ಲಿ ಸಿಗುವ ನಂಗ್ ಮೀನಿನದು ಉಲ್ಟಾ. ಇಷ್ಟು ವರ್ಷ ತಿಂದ ನಾನು ಗಮನಿಸಿರಲಿಲ್ಲ.

ಮೂವರಿಗೆ ಐದು ಮೀನು. ದಡದಲ್ಲಿ ಹುಡುಗ ಮಾಂಸ ಸೀಳಿ ಕೊಟ್ಟ, ಸುಮಾರು 12 ಕೆಜಿ ಆಯ್ತು. ಪ್ಯಾಕ್ ಮಾಡಿ ಹೆಪ್ಪುಗಟ್ಟಿಸಿ ಕೊಡೋದಕ್ಕೆ ಬೇರೆ ಅಂಗಡಿ, ತೂಕದ ಲೆಕ್ಕದಲ್ಲಿ ದುಡ್ಡು. ಹುಡುಗನಿಗೆ ಟಿಪ್ಸು, ಈ ಪ್ಯಾಕಿಂಗು ಎರಡನ್ನೂ ಬಜೆಟ್ಟಿನಲ್ಲಿ ಮೊದಲೇ ಸೇರಿಸಿಕೊಳ್ಳಿ. ತಲೆಗಳನ್ನು ಬಿಸಾಡೋಕೆ ಹೊರಟವನನ್ನು ಅಪ್ಪಯ್ಯ ತಡೆದು ಎರಡು ತಲೆ ಚೀಲಕ್ಕೆ ಹಾಕಿಸಿಕೊಂಡರು. ಬಾಡಿಗೆ ಮನೆಯಲ್ಲಿ, ಸಿಯಾಟಲ್‌ನಿಂದ ತಂದ ಮಸಾಲೆಗೆ ಡಬ್ಬಿಯ ತೆಂಗಿನಹಾಲು ಹಾಕಿ ಸಾರು ಮಾಡಿದೆ. ಹ್ಯಾಲಿಬಟ್ ಮಾಂಸ ಅವರಿಗೆ ಹಿಡಿಸಲಿಲ್ಲ, ಬೂದುಗುಂಬಳ ತಿಂದ ಹಾಗೆ ಅಂದರು. ತಲೆಯ ಸಾರಿಗೆ ಎರಡು ಸಲ ಅನ್ನ ಹಾಕಿಸಿಕೊಂಡರು.

ರಾತ್ರಿ ಹನ್ನೊಂದಾದರೂ ಹೊರಗೆ ಬೆಳಕು. ಊರಲ್ಲಿ ಆಗ ಮಧ್ಯಾಹ್ನ, ದೊಡ್ಡಪ್ಪನಿಗೆ ವಿಡಿಯೊ ಕಾಲ್ ಹಾಕಿ ಕೊಟ್ಟೆ. ಮೀನಿನ ಫೋಟೊ ತೋರಿಸೋಣ ಅಂತ ನಾನು ಹುಡುಕ್ತಿದ್ದರೆ ಅವರಿಗೆ ಅದೆಲ್ಲ ಬೇಡ. ಎಷ್ಟು ಮಾರು ನೀರಿತ್ತು ಅಂತ ಕೇಳಿದರು. "ಇಪ್ಪತ್ತೈದು" ಅಂದರು ಅಪ್ಪಯ್ಯ. ಯಾರು ಎಳೆದದ್ದು? "ನಾನೇ."

ಆಮೇಲೆ ಇಬ್ಬರೂ ಅಲ್ಲಿಯ ಗಾಳಿ ಯಾವ ದಿಕ್ಕಿನದು ಅಂತ ಅರ್ಧ ಗಂಟೆ ಮಾತಾಡಿದರು.