ಗುಡಿಸಲಿನ ಬೆಕ್ಕು ಕಲಿಸಿದ ಪಾಠ



ಓದು ಎಂದರೇನು ಎಂದು ಹಿಂದೆ ಯಾರಾದರೂ ಕೇಳಿದ್ದರೆ ನಾವು ತಡವರಿಸದೆ ಉತ್ತರ ಹೇಳಿಬಿಡುತ್ತಿದ್ದೆವು. ಬಾಲ್ಯವನ್ನು ಸಂಸ್ಕೃತ ಪಾಠಶಾಲೆಯಲ್ಲಿಯೂ ಯೌವನವನ್ನು ವಿಶ್ವವಿದ್ಯಾನಿಲಯದಲ್ಲಿಯೂ ಕಳೆದವರಿಗೆ ಇಂತಹ ಪ್ರಶ್ನೆಗಳು ಕಠಿಣವೆಂದು ತೋರುವುದಿಲ್ಲ. ಆದರೆ 2018ರ ಮಳೆಗಾಲದಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗ ನಮ್ಮ ಆ ಉತ್ತರವನ್ನು ನಮ್ಮ ಕೈಯಿಂದಲೇ ಕಸಿದುಕೊಂಡನು. ಅದನ್ನು ತಮ್ಮೆದುರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ಇದರಲ್ಲಿ ನಮ್ಮ ತಪ್ಪೂ ಸೇರಿದೆ.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಸಂಜೆಯ ಪ್ರಾರ್ಥನೆಯಾದ ಮೇಲೆ ಮಕ್ಕಳು ಸಾಲಾಗಿ ಕುಳಿತು ಪಾಠಗಳನ್ನು ಗಟ್ಟಿಯಾಗಿ ಓದುವುದು ವಾಡಿಕೆ. ಆ ಹುಡುಗ ಆಡು ಸಾಕುವ ಮನೆಯವನು, ಆರನೆಯ ತರಗತಿ. ಇಂಗ್ಲಿಷ್ ಪಾಠವನ್ನು ಅವನು ಓದುತ್ತಿದ್ದ ರಭಸಕ್ಕೆ ದೊಡ್ಡ ತರಗತಿಯವರೂ ತಲೆಯೆತ್ತಿ ನೋಡುತ್ತಿದ್ದರು. ನಮಗೆ ಹೆಮ್ಮೆ. ಒಂದು ದಿನ ಊರಿನ ಹಿರಿಯರು ನೆರೆದಿದ್ದಾಗ ಅವನನ್ನು ಕರೆದು ನಿಲ್ಲಿಸಿ ಓದಿಸಿದೆವು. ಎಲ್ಲರೂ ತಲೆದೂಗಿದರು. ಉತ್ಸಾಹದಲ್ಲಿ ನಾವು, “ಇನ್ನೂ ಮಾಡದಿರುವ ಮುಂದಿನ ಪಾಠವನ್ನೂ ಓದು ಮಗು” ಎಂದೆವು. ಹುಡುಗ ಪುಟ ತಿರುವಿದ. ಬಹಳ ಹೊತ್ತು ಸುಮ್ಮನೆ ನಿಂತ. ಬಳಿಕ ಹೊಸ ಪುಟದ ಮೇಲೆ ಕಣ್ಣಿಟ್ಟು, ಬೆರಳಾಡಿಸುತ್ತ, ಹಳೆಯ ಪಾಠವನ್ನೇ ಮೊದಲಿನಿಂದ ಹೇಳತೊಡಗಿದ.

ಸಭೆಯಲ್ಲಿ ನಗೆ ಎದ್ದಿತು. ನಾವು ನಗಲಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆವು. “ಇಷ್ಟು ದಿನವೂ ನಮ್ಮನ್ನು ವಂಚಿಸಿದೆಯಾ?” ಎಂದು ಎಲ್ಲರ ಮುಂದೆ ಕೇಳಿದೆವು. ಮರುದಿನ ಬೆಳಗ್ಗೆ ಅವನ ಚಾಪೆ ಬರಿದಾಗಿತ್ತು.

ನಾವೇ ಅವನ ಊರಿಗೆ ಹೋದೆವು. ತಂದೆ ಕೈಮುಗಿದು, “ನಮ್ಮ ಹೈದಂಗೆ ಇಂಗ್ಲೀಷು ತಲೆಗೆ ಹತ್ತಾಕಿಲ್ಲ ಬುದ್ಧಿ, ಆಡು ಮೇಯಿಸ್ಕೊಂಡು ಇರ್ಲಿ ಬುಡಿ” ಎಂದರು. ಹುಡುಗ ಗೋಡೆಯ ಮರೆಯಲ್ಲಿದ್ದ. ಅಷ್ಟರಲ್ಲಿ ಹಿತ್ತಿಲಿನ ಕೊಟ್ಟಿಗೆಯಲ್ಲಿ ಒಂದು ಮರಿ ಕೂಗಿತು. ತಂದೆ ಒಳಮುಖವಾಗಿ, “ಯಾವುದ್ಲಾ ಅದು?” ಎಂದರು. “ಕರಿ ಆಡಿನ ಮರಿ ಕಣಪ್ಪ, ಹಗ್ಗ ಸಿಕ್ಕಾಕಂಡದೆ” ಎಂದು ಮರೆಯಿಂದಲೇ ಉತ್ತರ ಬಂದಿತು. ಹೋಗಿ ನೋಡಿದರೆ ಹಾಗೆಯೇ ಇದ್ದಿತು. ಹದಿನೈದಿಪ್ಪತ್ತು ಮರಿಗಳ ಕೂಗಿನಲ್ಲಿ ಒಂದನ್ನು ಗುರುತಿಸಿ, ಅದರ ಕಾರಣವನ್ನೂ ಹೇಳಬಲ್ಲ ಕಿವಿ ಅವನದು. ಅಂತಹ ಕಿವಿಯುಳ್ಳವನಿಗೆ ಓದು ಹತ್ತದಿದ್ದರೆ ದೋಷ ಯಾರದು? ಆ ಹಿತ್ತಿಲಿನಲ್ಲಿ ನಿಂತು ನಮ್ಮನ್ನು ನಾವೇ ಹೀಗೆ ಕೇಳಿಕೊಂಡೆವು. “ವಂಚನೆ ನಿನ್ನದಲ್ಲ ಮಗು, ಕಲಿಸದೆಯೇ ಪರೀಕ್ಷೆ ಮಾಡಿದವರು ನಾವು” ಎಂದು ಅವನ ತಂದೆಯೆದುರಿಗೇ ಹೇಳಿದೆವು. ಅವನು ಮಾತಾಡಲಿಲ್ಲ. ಆದರೆ ವಾರದೊಳಗೆ ತಂದೆಯೊಡನೆ ಹಿಂದಿರುಗಿ ಬಂದ.

ನಮ್ಮ ನಾಡಿನ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. ಎಂದರೆ ಆ ಹುಡುಗ ಐದು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದಿದ್ದವನು. ನಮಗಾದರೋ ಅದು ಐದನೆಯ ತರಗತಿಯಲ್ಲಿ ಆರಂಭವಾಯಿತು. ನಮ್ಮ ಮೇಷ್ಟರು ಕೋಲು ಹಿಡಿದು “ಸಿ, ಎ, ಟಿ: ಕ್ಯಾಟ್, ಕ್ಯಾಟ್ ಅಂದರೆ ಬೆಕ್ಕು” ಎಂದು ಹೇಳಿಸುತ್ತಿದ್ದರು. ನಾವೂ ಕೂಗುತ್ತಿದ್ದೆವು. ಆದರೆ ಸ್ವಲ್ಪ ಯೋಚಿಸಿ ನೋಡಿ: ಸಿ, ಎ, ಟಿ ಎಂಬ ಮೂರು ಹೆಸರುಗಳನ್ನು ಎಷ್ಟು ವೇಗವಾಗಿ ಕೂಡಿಸಿದರೂ ‘ಸಿಯೇಟಿ’ ಆದೀತೇ ಹೊರತು ‘ಕ್ಯಾಟ್’ ಆಗದು. ಅಕ್ಷರದ ಹೆಸರು ಬೇರೆ, ಅಕ್ಷರದ ಧ್ವನಿ ಬೇರೆ. ಮೇಷ್ಟರು ಹೆಸರನ್ನು ಕಲಿಸಿದರು. ಧ್ವನಿಯನ್ನು ನಾವು ಹೇಗೋ ಊಹಿಸಿಕೊಂಡೆವು. ಊಹಿಸಲಾರದವರು ಬಾಯಿಪಾಠ ಮಾಡಿದರು. ಬಾಯಿಪಾಠವೂ ಸಾಲದವರು ಶಾಲೆ ಬಿಟ್ಟರು. ನಮ್ಮ ಜೊತೆಯಲ್ಲಿ ಕುಳಿತು ಆಮೇಲೆ ಕಾಣದೆ ಹೋದ ಎಷ್ಟೋ ಮುಖಗಳು ಆ ರಾತ್ರಿ ನೆನಪಿಗೆ ಬಂದವು.

ಕನ್ನಡದಲ್ಲಿ ಈ ತೊಡಕು ಏಕಿಲ್ಲ? ಏಕೆಂದರೆ ನಮ್ಮ ಅಕ್ಷರದ ಹೆಸರೇ ಅದರ ಧ್ವನಿ. ‘ಕ’ ಎಂಬ ಅಕ್ಷರವನ್ನು ‘ಕ’ ಎಂದೇ ಕರೆಯುತ್ತೇವೆ. ಪಾಠಶಾಲೆಯಲ್ಲಿ ಶಿಕ್ಷಾಶಾಸ್ತ್ರವನ್ನು ಓದಿದವರಿಗೆ ತಿಳಿದಿರುವಂತೆ, ನಮ್ಮ ವರ್ಣಮಾಲೆ ಬಾಯಿಯ ಒಳಗಿನ ಒಂದು ನಕ್ಷೆ: ಕವರ್ಗ ಕಂಠದಿಂದ, ಚವರ್ಗ ತಾಲುವಿನಿಂದ, ಟವರ್ಗ ಮೂರ್ಧದಿಂದ, ತವರ್ಗ ದಂತದಿಂದ, ಪವರ್ಗ ತುಟಿಗಳಿಂದ. ಇಂಗ್ಲಿಷಿನ ಅಕ್ಷರಮಾಲೆಗೆ ಇಂತಹ ಕ್ರಮವಿಲ್ಲ. ಅಲ್ಲಿ ಅಕ್ಷರಗಳು 26. ಧ್ವನಿಗಳು ಸುಮಾರು 44. ಆದುದರಿಂದ ಕೆಲವೆಡೆ ಎರಡು ಅಕ್ಷರ ಕೂಡಿ ಒಂದು ಧ್ವನಿಯನ್ನು ಹೊರಬೇಕು. ಕೆಲವೆಡೆ ಒಂದೇ ಅಕ್ಷರ ಹಲವು ಧ್ವನಿಗಳಿಗೆ ದುಡಿಯಬೇಕು. ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಮುದ್ರಣವನ್ನು ತಂದ ಮೇಲೆ ಕಾಗುಣಿತ ಮೆಲ್ಲಮೆಲ್ಲನೆ ಗಟ್ಟಿಯಾಯಿತು. ಆದರೆ ಅದೇ ಶತಮಾನಗಳಲ್ಲಿ ಜನರ ಬಾಯಿಯ ಸ್ವರಗಳು ಬದಲಾಗುತ್ತ ಹೋದವು. ‘ನೈಫ್’ ಎಂಬ ಪದದ ಮೊದಲಿಗೆ ಇಂದು ಮೌನವಾಗಿ ನಿಂತಿರುವ ‘ಕೆ’ ಅಕ್ಷರ ಒಂದು ಕಾಲಕ್ಕೆ ನಿಜವಾಗಿ ಉಚ್ಚಾರವಾಗುತ್ತಿತ್ತು. ಬಾಯಿ ಮುಂದೆ ಹೋಯಿತು, ಬರಹ ಹಿಂದೆ ಉಳಿಯಿತು.

ಹಾಗಿದ್ದರೂ ಸರಳವಾದ ಪದಗಳಲ್ಲಿ ಒಂದು ನಿಯಮವಿದೆ. ಆ ನಿಯಮದಿಂದ ಆರಂಭಿಸಿ ಧ್ವನಿಗಳನ್ನು ಒಂದೊಂದಾಗಿ ಕಲಿಸಿ, ಕೂಡಿಸಿ ಓದಿಸುವ ಕ್ರಮಕ್ಕೆ ‘ಫೋನಿಕ್ಸ್’ ಎಂದು ಹೆಸರು. ಇದರ ವಿಷಯದಲ್ಲಿ ಅವರ ನಾಡುಗಳಲ್ಲಿಯೇ ದೀರ್ಘವಾದ ವಾದ ನಡೆದಿದೆ. ಪದವನ್ನು ಚಿತ್ರದಂತೆ ಇಡಿಯಾಗಿ ನೋಡಿ ನೆನಪಿಡಬೇಕೆಂಬ ಪದ್ಧತಿ ಅಮೆರಿಕದಲ್ಲಿ ಬಲವಾಗಿದ್ದಾಗ, 1955ರಲ್ಲಿ ರುಡಾಲ್ಫ್ ಫ್ಲೆಶ್ ಎಂಬವರು ಅದನ್ನು ಖಂಡಿಸಿ ಪುಸ್ತಕ ಬರೆದರು. ಶಾಲೆಯ ವಾಚಿಕೆಗಳು ನೀರಸವಾಗಿವೆಯೆಂಬ ದೂರಿನಿಂದಾಗಿ, ಡಾಕ್ಟರ್ ಸೂಸ್ ಎಂಬ ಕಾವ್ಯನಾಮದ ಥಿಯೊಡರ್ ಗೈಸೆಲ್ ಅವರು ಕೊಟ್ಟ ಪದಪಟ್ಟಿಯನ್ನೇ ಬಹುಮಟ್ಟಿಗೆ ಆಧರಿಸಿ, ಕೇವಲ 236 ಪದಗಳಲ್ಲಿ ಟೋಪಿ ಹಾಕಿದ ಬೆಕ್ಕಿನ ಕಥೆಯೊಂದನ್ನು 1957ರಲ್ಲಿ ಪ್ರಕಟಿಸಿದರು. ಅಮೆರಿಕದ ರಾಷ್ಟ್ರೀಯ ವಾಚನ ಸಮಿತಿ 2000ದಲ್ಲಿಯೂ ಇಂಗ್ಲೆಂಡಿನ ರೋಸ್ ವರದಿ 2006ರಲ್ಲಿಯೂ ಧ್ವನಿಗಳನ್ನು ಕ್ರಮಬದ್ಧವಾಗಿ ಕಲಿಸುವುದನ್ನೇ ಎತ್ತಿಹಿಡಿದವು. ಇಂಗ್ಲೆಂಡಿನಲ್ಲಿ 2012ರಿಂದ ಎಳೆಯ ಮಕ್ಕಳಿಗೆ ಇದರ ಒಂದು ಪರೀಕ್ಷೆ ಇದೆ. ಅದರ 40 ಪದಗಳಲ್ಲಿ 20 ಪದಗಳಿಗೆ ಅರ್ಥವೇ ಇಲ್ಲ; ಅವು ಕಟ್ಟಿದ ಪದಗಳು. ಬಾಯಿಪಾಠದಿಂದ ಅವನ್ನು ಓದಲಾಗದೆಂಬುದೇ ಅದರ ಉದ್ದೇಶ. ಇದನ್ನು ಓದಿದಾಗ ನಮ್ಮ ಹುಡುಗನ ಮುಖ ಕಣ್ಣೆದುರು ನಿಂತಿತು. ನಾವು ಸಭೆಯ ನಡುವೆ ಮಾಡಿದ ಪರೀಕ್ಷೆಯನ್ನು ಅವರು ಒಂದೊಂದು ಮಗುವನ್ನೂ ಬೇರೆಯಾಗಿ ಕೂರಿಸಿಕೊಂಡು ಮಾಡುತ್ತಾರೆ. ಅದೂ ಕಲಿಸಿದ ಮೇಲೆ.

ಇನ್ನು ನಾವು ಮಾಡಿದ ಕೆಲಸ. ಇಂಗ್ಲೆಂಡಿನ ಶಾಲೆಗಳಿಗಾಗಿ 2007ರಲ್ಲಿ ಹೊರಬಂದ ‘ಲೆಟರ್ಸ್ ಅಂಡ್ ಸೌಂಡ್ಸ್’ ಎಂಬ ಕೈಪಿಡಿ ಎ, ಬಿ, ಸಿ ಎಂದು ಆರಂಭಿಸದೆ ಸ್, ಆ್ಯ, ಟ್, ಪ್, ಇ, ನ್ ಎಂಬ ಆರು ಧ್ವನಿಗಳಿಂದ ಆರಂಭಿಸುತ್ತದೆ. ಆರೇ ಧ್ವನಿಗಳಲ್ಲಿ ಸ್ಯಾಟ್, ಟಿನ್, ಪಿನ್, ನ್ಯಾಪ್, ಟ್ಯಾಪ್, ಪಿಟ್ ಮುಂತಾದ ಹಲವು ಪದಗಳನ್ನು ಮಗು ತಾನೇ ಕಟ್ಟಬಹುದು. ಮೊದಲ ಸಂಜೆಯೇ ಒಂದು ತೊಡಕು ಎದುರಾಯಿತು. ಹುಡುಗ ‘ಸ, ಆ್ಯ, ಟ’ ಎಂದು ಹೇಳಿ, ಕೂಡಿಸಿದಾಗ ‘ಸಆ್ಯಟ’ ಎನ್ನುತ್ತಿದ್ದ. ನಮ್ಮ ವ್ಯಂಜನಗಳಲ್ಲಿ ‘ಅ’ ಎಂಬ ಸ್ವರ ತಾನಾಗಿಯೇ ಕುಳಿತಿರುತ್ತದೆ. ಅದನ್ನು ಇಳಿಸದೆ ಧ್ವನಿಗಳು ಕೂಡುವುದಿಲ್ಲ. ಆಂಗ್ಲರ ಮಕ್ಕಳಿಗೂ ಇದೇ ತೊಡಕು. ಆದರೆ ಅವರ ಲಿಪಿಯಲ್ಲಿ ಇದನ್ನು ತೋರಿಸಲು ಚಿಹ್ನೆಯಿಲ್ಲ. ನಮ್ಮಲ್ಲಿ ಇದೆ. ಹಲಗೆಯ ಮೇಲೆ ಅರ್ಧಾಕ್ಷರಗಳನ್ನು ಬರೆದೆವು: ‘ಸ್’, ‘ಟ್’. “ಸ್ವರವನ್ನು ಕೆಳಗಿಳಿಸಿ ಹೇಳು” ಎಂದೆವು. ಹುಡುಗ ಹಲ್ಲುಗಳ ನಡುವೆ ಹಾವಿನಂತೆ ‘ಸ್’ ಎಂದ. ಬಳಿಕ ‘ಆ್ಯ’, ‘ಟ್’. ಮೂರು ಸಲ ಹೇಳಿದ. ನಾಲ್ಕನೆಯ ಸಲ ತಾನಾಗಿಯೇ “ಸ್ಯಾಟ್” ಎಂದು, ಯಾರೋ ಹಿಂದಿನಿಂದ ಹೇಳಿದರೆಂಬಂತೆ ತಿರುಗಿ ನೋಡಿದ. ಇಂಗ್ಲಿಷ್ ಓದಿಗೆ ಕನ್ನಡದ ಕಾಗುಣಿತವೇ ಏಣಿಯಾಗುವುದನ್ನು ನಾವು ಕಂಡದ್ದು ಅಂದು.

ಇನ್ನೊಂದು ಮಾತನ್ನೂ ಅರಿತುಕೊಳ್ಳಬೇಕಾಯಿತು. ಆಂಗ್ಲ ಮಗುವಿಗೆ ‘ಕ್ಯಾಟ್’ ಎಂಬ ಪದ ಕಿವಿಯಲ್ಲಿ ಮೊದಲೇ ಇರುತ್ತದೆ. ಧ್ವನಿ ಕೂಡಿದೊಡನೆ ಬೆಕ್ಕು ಎದ್ದು ಬರುತ್ತದೆ. ನಮ್ಮ ಮಗುವಿಗೆ ಧ್ವನಿ ಕೂಡಿದರೂ ಏನೂ ಎದ್ದು ಬರುವುದಿಲ್ಲ. ಆದುದರಿಂದ ಧ್ವನಿಯ ಜೊತೆಗೆ ಕಥೆ ಬೇಕು, ಕಥೆಗೆ ಪರಿಚಿತವಾದ ಪ್ರಾಣಿಗಳು ಬೇಕು. ಹದಿನೈದು ದಿನಗಳಲ್ಲಿ ಇನ್ನೂ ಕೆಲವು ಧ್ವನಿಗಳನ್ನು ಕಲಿಸಿ, ನಾವೇ ಒಂದು ಸಣ್ಣ ಕಥೆಯನ್ನು ಕಟ್ಟಿದೆವು. ಮೊದಲು ಕನ್ನಡದಲ್ಲಿ ಅರ್ಧ ಮಾತ್ರ ಹೇಳಿದೆವು: ಮಳೆಯ ದಿನ, ಗುಡಿಸಲಿನಲ್ಲೊಂದು ಬೆಕ್ಕು, ಹೊರಗೆ ತೊಯ್ದು ನಡುಗುವ ನಾಯಿ. ಮಕ್ಕಳು ಬೆಕ್ಕಾಗಿ, ನಾಯಿಯಾಗಿ ಆಡಿಯೂ ತೋರಿಸಿದರು. ಹಟ್ ಎಂದರೇನು, ವೆಟ್ ಎಂದರೇನು ಎಂಬುದು ಆಟದಲ್ಲಿಯೇ ಕಿವಿಗೆ ಬಿದ್ದಿತು. ಆಮೇಲೆ ಹಾಳೆಯನ್ನು ಕೈಗೆ ಕೊಟ್ಟೆವು. ಅದರಲ್ಲಿದ್ದುದು ಇಷ್ಟೇ:

“ಎ ಕ್ಯಾಟ್ ಸ್ಯಾಟ್ ಇನ್ ಎ ಹಟ್. ಎ ಡಾಗ್ ಗಾಟ್ ವೆಟ್. ಕ್ಯಾನ್ ದ ಡಾಗ್ ಗೆಟ್ ಇನ್?”

ಇಂಗ್ಲಿಷಿನ ಐದು ಹ್ರಸ್ವ ಸ್ವರಗಳೂ ಈ ಮೂರು ವಾಕ್ಯಗಳಲ್ಲಿವೆ. ಕಲಿಸದ ಧ್ವನಿ ಇದರಲ್ಲಿ ಒಂದೂ ಇಲ್ಲ. ಒಂಟಿ ‘ಎ’ ಮತ್ತು ‘ದ’ ಎಂಬ ಎರಡನ್ನು ಮಾತ್ರ ಇಡಿಯಾಗಿ ನೆನಪಿಡಬೇಕು. ಹುಡುಗ ಬೆರಳಿಟ್ಟು ಓದಿದ. ಹಿಂದಿನ ರಭಸವಿಲ್ಲ, ಆಡು ಕಲ್ಲಿನಿಂದ ಕಲ್ಲಿಗೆ ಕಾಲಿಡುವಂತೆ ಒಂದೊಂದಾಗಿ. ‘ಹಟ್’ ಬಂದಾಗ ‘ಅಟ್’ ಎಂದ. ನಮ್ಮ ಹಳ್ಳಿಗಾಡಿನ ಬಾಯಿಗೆ ಹಾಲು ‘ಆಲು’ ಆಗುತ್ತದೆ, ಹೂವು ‘ಊವು’ ಆಗುತ್ತದೆ. ಹಿಂದಿನ ನಾವಾಗಿದ್ದರೆ ಗದರಿಸುತ್ತಿದ್ದೆವು. ಅಂದು ಅವನ ಅಂಗೈಯನ್ನು ಅವನ ಬಾಯಿಯ ಮುಂದೆ ಹಿಡಿಸಿ, ‘ಹ್’ ಎಂದಾಗ ಉಸಿರು ಕೈಗೆ ತಗಲುವುದನ್ನು ತೋರಿಸಿದೆವು. ‘ದ’ ಎಂಬಲ್ಲಿ ತಡೆದು, “ಇದರಲ್ಲಿ ಮೂರು ಅಕ್ಷರ ಅವೆ, ಟ್, ಹ್, ಎ ಅಂತ ಕೂಡಿಸಿದ್ರೆ ‘ಟ್ಹೆ’ ಆಯ್ತದಲ್ಲ ಬುದ್ಧಿ?” ಎಂದು ಕೇಳಿದ. ನಮಗೆ ಆನಂದವಾಯಿತು. ಐದು ವರ್ಷ ಸುಮ್ಮನಿದ್ದ ಹುಡುಗ ಅಕ್ಷರವನ್ನೇ ಪ್ರಶ್ನಿಸುತ್ತಿದ್ದಾನೆ! “ಹೌದು ಮಗು, ನಿನ್ನ ಲೆಕ್ಕ ಸರಿ, ಈ ಪದದ್ದೇ ತಂಟೆ” ಎಂದೆವು.

ಮೂರನೆಯ ವಾಕ್ಯವನ್ನು ಮುಗಿಸಿ ಅವನು ಹಾಳೆಯನ್ನು ಹಿಂದುಮುಂದಾಗಿ ತಿರುಗಿಸಿದ. ಹಿಂಬದಿ ಖಾಲಿ. ತಲೆಯೆತ್ತಿ ಕೇಳಿದ: “ಬೆಕ್ಕು ಒಳಕ್ಕೆ ಬುಡ್ತಾ ಬುದ್ಧಿ?”

ಪ್ರಿಯ ವಾಚಕರೇ, ಓದು ಎಂದರೇನು ಎಂಬ ಪ್ರಶ್ನೆಗೆ ನಮಗೆ ದೊರೆತ ಉತ್ತರ ಇದು. ಆ ಹುಡುಗ ವರ್ಷಗಟ್ಟಲೆ ಪುಟಗಳನ್ನು ಒಪ್ಪಿಸಿದ್ದ. ಮುಂದೇನಾಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ. ಬಾಯಿಪಾಠ ಮಾಡುವವನಿಗೆ ಮುಂದಿನದು ಬೇಕಾಗುವುದಿಲ್ಲ. ಹಿಂದಿನದು ಮರೆಯದಿದ್ದರೆ ಸಾಕು. ಎರಡನೆಯ ಹಾಳೆಯನ್ನು ನಾವು ಮರುದಿನ ಕೊಡಬೇಕೆಂದಿದ್ದೆವು, ಅಂದೇ ಕೊಟ್ಟೆವು. “ದ ಕ್ಯಾಟ್ ಗಾಟ್ ಅಪ್. ದ ಡಾಗ್ ಗಾಟ್ ಇನ್.” ಅದನ್ನು ಅವನು ಯಾರ ಸಹಾಯವೂ ಇಲ್ಲದೆ ಓದಿ, ತನ್ನಷ್ಟಕ್ಕೆ ತಾನು ನಕ್ಕ.

ಎಲ್ಲವೂ ಅಲ್ಲಿಗೆ ಸುಲಭವಾಯಿತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ದೀರ್ಘ ಸ್ವರಗಳು, ಮೌನಾಕ್ಷರಗಳು, ನಿಯಮ ಮೀರುವ ನೂರಾರು ಪದಗಳು ಅವನನ್ನು ಬಹಳ ಕಾಲ ಕಾಡಿದವು. ಎಷ್ಟೋ ಸಂಜೆ ಹಾಳೆಯನ್ನು ಮಡಿಸಿಟ್ಟು ಎದ್ದುಹೋದದ್ದೂ ಉಂಟು. ಆದರೆ ತಿಳಿಯದ ಪದ ಬಂದಾಗ ತಿಳಿದವನಂತೆ ನಟಿಸುವುದನ್ನು ಅವನು ಬಿಟ್ಟ. ಅವನು ನಟಿಸಬೇಕಾಗುವಂತೆ ನಡೆದುಕೊಳ್ಳುವುದನ್ನು ನಾವು ಬಿಟ್ಟೆವು.

ತಮ್ಮ ಮನೆಯಲ್ಲಿ ಮಗುವೊಂದು ಇಂಗ್ಲಿಷ್ ಪಾಠವನ್ನು ಗಳಗಳನೆ ಓದುತ್ತಿದ್ದರೆ ಸಂತೋಷಪಡಿ. ಆದರೆ ಯಾರೂ ಇಲ್ಲದ ಹೊತ್ತಿನಲ್ಲಿ, ಮೆಲ್ಲಗೆ, ಅದು ಕಾಣದ ಮೂರಕ್ಷರದ ಪದವೊಂದನ್ನು ಚೀಟಿಯಲ್ಲಿ ಬರೆದು ಕೊಡಿ. ಓದಿದರೆ ಬೆನ್ನು ತಟ್ಟಿ. ಓದದಿದ್ದರೆ ಗದರಿಸಬೇಡಿ, ನಾಲ್ಕು ಜನರಿಗೆ ಹೇಳಲೂಬೇಡಿ. ಪಕ್ಕದಲ್ಲಿ ಕುಳಿತು ‘ಸ್, ಆ್ಯ, ಟ್’ ಎಂದು ಆರಂಭಿಸಿ. ಇಂಗ್ಲಿಷ್ ಬಾರದ ತಾಯಿತಂದೆಯರೂ ಇದನ್ನು ಮಗುವಿನೊಡನೆ ಕಲಿಯಬಹುದು. ಕನ್ನಡದ ಅರ್ಧಾಕ್ಷರ ಬಲ್ಲವರಿಗೆ ಇದು ಹೊರೆಯಲ್ಲ.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಆ ಎರಡು ಹಾಳೆಗಳು ಈಗಲೂ ಇವೆ, ಅಂಚುಗಳು ಹರಿದಿವೆ. ಹೊಸದಾಗಿ ಬಂದ ಮಕ್ಕಳಿಗೆ ಮೊದಲನೆಯ ಹಾಳೆಯನ್ನು ಮಾತ್ರ ಕೊಡುತ್ತೇವೆ. ಎರಡನೆಯದನ್ನು ಅವರಾಗಿಯೇ ಬಂದು ಕೇಳುವವರೆಗೂ ಕಾಯುತ್ತೇವೆ.